ಕಾಫಿ ಕುಡಿಯದವನಿಗೆ ಒಂದು ಮತ

ಫಿಲ್ಟರಿನ ಮೇಲಿನ ಪಾತ್ರೆಯಿಂದ ಕೆಳಗಿನದಕ್ಕೆ ಡಿಕಾಕ್ಷನ್ ಇಳಿಯುವ ವೇಗವನ್ನು ಜಗತ್ತಿನ ಯಾವ ಸರಕಾರವೂ ಹೆಚ್ಚಿಸಲಾರದು. ಹುಟ್ಟಿ ಬೆಳೆದ ಮೈಸೂರಿನಲ್ಲಾಗಲಿ, ಈಗ ಹನ್ನೊಂದು ವರ್ಷದಿಂದ ನಾನಿರುವ ಡಚ್ಚರ ನಾಡಿನ ಆಮ್ಸ್ಟೆಲ್‌ವೀನಿನಲ್ಲಾಗಲಿ, ಅದು ತೊಟ್ಟು ತೊಟ್ಟಾಗಿ ತನ್ನದೇ ಗಾಂಭೀರ್ಯದಲ್ಲಿ ಇಳಿಯುತ್ತದೆ. ಚಮಚದಿಂದ ಎಷ್ಟು ಕುಟ್ಟಿದರೂ ಅಷ್ಟೇ. ಆ ಇಪ್ಪತ್ತು ನಿಮಿಷಗಳ ಕಡ್ಡಾಯ ವಿರಾಮದಲ್ಲಿ ಮನುಷ್ಯನಾದವನಿಗೆ ಸದ್ವಿಚಾರಗಳು ಹೊಳೆಯಬೇಕು. ಕಳೆದ ಕೆಲವು ತಿಂಗಳಿಂದ ನನಗೆ ಹೊಳೆಯುತ್ತಿರುವುದು ಪಕ್ಕದ ಮನೆಯ ಹೆಂಕ್ ಮಾತ್ರ.

ಹೆಂಕ್ ಇಲ್ಲಿಯವನೇ, ಆರಡಿ ಮೀರಿದ ಡಚ್ಚ. ಊರಿನ ನಗರಸಭೆಯ ಚುನಾವಣೆಗೆ ನಿಂತು, ಕರಪತ್ರ ಹಿಡಿದು ನಮ್ಮ ಬಾಗಿಲು ತಟ್ಟಿದ. ಐದು ವರ್ಷ ಇಲ್ಲಿ ನೆಲೆಸಿದ ನಮ್ಮಂಥ ಪರದೇಶಿಗಳಿಗೂ ಆ ಚುನಾವಣೆಯಲ್ಲಿ ಮತವುಂಟು, ಆದ್ದರಿಂದ ನಮ್ಮ ಬಾಗಿಲಿಗೂ ಬೆಲೆಯುಂಟು. ನಾನು ಸಂಭ್ರಮದಿಂದ ನೊರೆ ಉಕ್ಕುವ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ತಂದು ಮುಂದಿಟ್ಟೆ. ಆತ ನಯವಾಗಿ ಬೇಡವೆಂದ. ಓದುಗ ಮಹಾಶಯರೇ, ನಮ್ಮಲ್ಲಿ ಮೊದಲ 'ಬೇಡ' ಎಂಬುದಕ್ಕೆ 'ಇನ್ನೊಮ್ಮೆ ಹೇಳಿ' ಎಂದರ್ಥ ತಾನೇ? ಇನ್ನೊಮ್ಮೆ ಹೇಳಿದೆ. ಮತ್ತೆ ಬೇಡವೆಂದ. ಎಷ್ಟು ಸಂಕೋಚದ ಮನುಷ್ಯನಪ್ಪಾ ಎಂದು ಮೆಚ್ಚಿಕೊಂಡು ಮೂರನೆಯ ಬಾರಿ ಲೋಟವನ್ನು ಅವನ ಕೈಗೇ ತುರುಕಿದೆ. ಆತ ಅದನ್ನು ಎಳೆಗೂಸಿನಂತೆ ಎರಡು ಕೈಯಲ್ಲೂ ಹಿಡಿದುಕೊಂಡು, ಮುಖ ಕೆಂಪಗೆ ಮಾಡಿಕೊಂಡು, ತಾನು ಮಾರ್ಮನ್ ಎಂಬ ಕ್ರೈಸ್ತ ಪಂಥದವನೆಂದೂ, ತಮ್ಮಲ್ಲಿ ಕಾಫಿ, ಟೀ, ಮದ್ಯ ಯಾವುದೂ ಸಲ್ಲದೆಂದೂ ವಿವರಿಸಿದ. ಟೀಯನ್ನೂ ಬಿಟ್ಟ ಮನುಷ್ಯನಿಗೆ ಆತಿಥ್ಯ ಮಾಡುವ ಬಗೆ ನನಗೆ ಯಾರೂ ಕಲಿಸಿರಲಿಲ್ಲ.

ನನ್ನ ಹೆಂಡತಿ ಸುಮನಳಿಗೆ ಕಲಿಸುವುದೇ ಬೇಕಿರಲಿಲ್ಲ. "ಅಯ್ಯೋ ಪಾಪ, ಮೊದಲೇ ಹೇಳ್ಬಾರ್ದಿತ್ತಾ!" ಎನ್ನುತ್ತ ಒಳಗೆ ಹೋದವಳು, ಕೇಸರಿ ಹಾಕಿದ ಬಿಸಿ ಬಾದಾಮಿ ಹಾಲಿನೊಂದಿಗೆ ಹೊರಬಂದಳು. ಆತ ಕಣ್ಣು ಮುಚ್ಚಿ ಕುಡಿದ. ಇನ್ನೊಂದು ಲೋಟ ಸಿಗಬಹುದೇ ಎಂದು ಕೇಳಿದ. ಸಿಕ್ಕಿತು. ಆ ಹಾಲನ್ನು ನನಗೆಂದು ಅವಳು ಕೊನೆಯ ಬಾರಿ ಮಾಡಿದ್ದು ಮದುವೆಯಾದ ಹೊಸತರಲ್ಲಿ. ಆಮೇಲೆ ಕೇಳಿದಾಗಲೆಲ್ಲ ಬಾದಾಮಿ ನೆನೆಹಾಕಿಲ್ಲವೆಂಬ ಉತ್ತರವೇ ಬರುತ್ತಿತ್ತು. ಈ ಪುಣ್ಯಾತ್ಮನಿಗೆ ಮಾತ್ರ ಅದು ತಾನಾಗಿ ನೆನೆದಿತ್ತೇನೋ!

ಅಲ್ಲಿಂದ ಶುರುವಾಯಿತು ಹೆಂಕ್ ಪುರಾಣ. ಹೆಂಕ್ ಪ್ರತಿ ಸೋಮವಾರ ಸಂಜೆ ಫೋನು ಬದಿಗಿಟ್ಟು ಹೆಂಡತಿ ಮಕ್ಕಳೊಂದಿಗೆ ಕೂರುತ್ತಾನಂತೆ. ತಿಂಗಳಿಗೊಂದು ಭಾನುವಾರ ನೀರೂ ಮುಟ್ಟದೆ ಉಪವಾಸ ಮಾಡುತ್ತಾನಂತೆ. ಏಕಾದಶಿ ಹಿಡಿಯುವ ಸುಮನ ಇದನ್ನು ಕೇಳಿ ಭಾವಪರವಶಳಾದಳು. ಅದೇ ಏಕಾದಶಿಯ ದಿನ ಅವಲಕ್ಕಿ ಉಪ್ಪಿಟ್ಟಿಗೆ ಸಬ್ಬಕ್ಕಿ ವಡೆ ಸೇರಿಸಿ, ಮಾಮೂಲಿಗಿಂತ ಒಂದು ತುತ್ತು ಹೆಚ್ಚೇ ಸೇವಿಸುವ ನನ್ನತ್ತ ಒಂದು ದೃಷ್ಟಿಯನ್ನೂ ಬೀರಿದಳು. ಸಾಲದ್ದಕ್ಕೆ, ಆರು ತಿಂಗಳಿಂದ ಕಿರಗುಟ್ಟುತ್ತಿದ್ದ ಅವಳ ಸೈಕಲ್ ಚೈನಿಗೆ ಆತ ಒಂದು ಶನಿವಾರ ಎಣ್ಣೆ ಬಿಟ್ಟ. ಅದಕ್ಕೆ ಎಣ್ಣೆ ಬಿಡಬೇಕೆಂಬ ಸಂಕಲ್ಪ ನನಗೂ ಆರು ತಿಂಗಳಿಂದ ಇತ್ತೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಸಣ್ಣದಲ್ಲ, ಧಗಧಗನೆ ಉರಿಯುವಂಥದ್ದು. ಆದರೆ ವಿದ್ಯಾವಂತನಾದವನು ತನ್ನ ಹೊಟ್ಟೆಕಿಚ್ಚನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಅದಕ್ಕೊಂದು ತತ್ತ್ವದ ಅಂಗಿ ತೊಡಿಸಿ, ಕೊರಳಪಟ್ಟಿ ಸರಿಮಾಡಿ, ಸಭೆಗೆ ಕರೆದೊಯ್ಯುತ್ತಾನೆ. ನಾನೂ ಹಾಗೆಯೇ ಮಾಡಿದೆ. ಅಭ್ಯರ್ಥಿಯ ಧರ್ಮಶ್ರದ್ಧೆ ಮತದಾರನಿಗೆ ಮುಖ್ಯವಾಗಬೇಕೇ ಬೇಡವೇ ಎಂಬ ಗಹನ ಜಿಜ್ಞಾಸೆ ನನ್ನಲ್ಲಿ ಇದ್ದಕ್ಕಿದ್ದಂತೆ ಉದ್ಭವಿಸಿತು. ಮಾರ್ಮನ್ನರು ಭಾನುವಾರ ಅಂಗಡಿಗೆ ಹೋಗುವುದಿಲ್ಲವೆಂದು ಓದಿದೆ. ಈ ದೇಶದಲ್ಲಿ ಭಾನುವಾರ ಅಂಗಡಿ ತೆರೆಯಬೇಕೋ ಮುಚ್ಚಬೇಕೋ ಎಂದು ನಿರ್ಧರಿಸುವುದು ಆಯಾ ನಗರಸಭೆಯೇ. ನಾನು ಕರಿಬೇವು, ನುಗ್ಗೆಕಾಯಿ ತರುವುದು ಭಾನುವಾರ. ಇನ್ನೇನು ಬೇಕು? ಪ್ರಜಾಪ್ರಭುತ್ವವೇ ಅಪಾಯದಲ್ಲಿತ್ತು.

ನಮ್ಮ ಕಟ್ಟಡದ ಕೆಳಗಿನ ಸಭಾಂಗಣದಲ್ಲಿ ಆತ ಮತದಾರರ ಸಭೆ ಕರೆದಾಗ ನಾನು ಮೊದಲ ಸಾಲಿನಲ್ಲೇ ಕೂತೆ. ನಾಲ್ಕು ದಿನ ಅಭ್ಯಾಸ ಮಾಡಿದ ಡಚ್ ವಾಕ್ಯದಲ್ಲಿ, ತಾವು ಗೆದ್ದರೆ ತಮ್ಮ ಚರ್ಚಿನ ಮಾತು ಕೇಳುತ್ತೀರೋ ನಮ್ಮ ಮಾತೋ, ಭಾನುವಾರ ನಮ್ಮ ಅಂಗಡಿಯ ಗತಿಯೇನು, ಎಂದು ಗುಡುಗಿದೆ. ಹೆಂಕ್ ಸಿಟ್ಟಾಗಲಿಲ್ಲ. ನ್ಯಾಯವಾದ ಪ್ರಶ್ನೆ ಎಂದ. ಭಾನುವಾರ ಅಂಗಡಿಗೆ ಹೋಗದಿರುವುದು ತನ್ನ ಮನೆಯ ನಿಯಮ, ಅದನ್ನು ಊರಿನ ನಿಯಮ ಮಾಡುವ ಆಸೆ ತನಗಿಲ್ಲ, ಹಾಗೆ ಮಾಡಿದರೆ ತನ್ನನ್ನು ಇದೇ ಜಾಗಕ್ಕೆ ಕರೆದು ಕೇಳಿ, ಎಂದ. ಉತ್ತರ ಚೆನ್ನಾಗಿತ್ತು. ಅದೇ ನನ್ನ ದುಃಖ! ಅಷ್ಟರಲ್ಲಿ ನೆಲಮಹಡಿಯ ಡಚ್ ಅಜ್ಜಿಯೊಬ್ಬರು ಕೋಲೂರಿಕೊಂಡು ನನ್ನ ಕಡೆ ತಿರುಗಿ, "ನೀವು ಮಾಂಸ ತಿನ್ನೋದಿಲ್ಲ ಅಲ್ವಾ? ನಾಳೆ ನೀವೇ ನಿಂತು ಗೆದ್ದರೆ ಈ ಬೀದಿಯ ಮಾಂಸದಂಗಡಿ ಮುಚ್ಚಿಸ್ತೀರಾ?" ಎಂದು ಕೇಳಿಯೇಬಿಟ್ಟರು. ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಪಕ್ಕದಲ್ಲೇ ಕೂತಿದ್ದ ಸುಮನ.

ಚುನಾವಣೆಯ ವಾರ ಸುಮನಳಿಗೆ ದೂರದ ನೈಮೆಗನ್ ಊರಿನಲ್ಲಿ ಕೆಲಸ ಬಿತ್ತು. ಚಿಪ್ ತಯಾರಿಸುವ ಅವಳ ಕಂಪನಿಯ ತುರ್ತು ತಪಾಸಣೆ, ಮೂರು ದಿನ ಅಲ್ಲೇ ವಾಸ. ಇಲ್ಲಿ ಅದಕ್ಕೂ ದಾರಿಯಿದೆ. ಮತದಾರರಿಗೆ ಅಂಚೆಯಲ್ಲಿ ಬರುವ ಚೀಟಿಯ ಹಿಂದೆ ಸಹಿ ಹಾಕಿ, ಗುರುತಿನ ಚೀಟಿಯ ನಕಲಿನೊಂದಿಗೆ ಅದೇ ಊರಿನ ಇನ್ನೊಬ್ಬ ಮತದಾರನಿಗೆ ಕೊಟ್ಟರೆ, ಅವನು ತನ್ನ ಮತದ ಜೊತೆಗೆ ನಿಮ್ಮ ಮತವನ್ನೂ ಹಾಕಬಹುದು. ಹೊರಡುವ ಬೆಳಿಗ್ಗೆ ಅವಳು ಚೀಟಿಯನ್ನು ಫಿಲ್ಟರಿನ ಪಕ್ಕ ಇಟ್ಟು, "ರೀ, ನನ್ನ ಓಟು ಹೆಂಕ್‌ಗೆ. ಮರೀಬೇಡಿ," ಎಂದಷ್ಟೇ ಹೇಳಿ ರೈಲು ಹಿಡಿಯಲು ಓಡಿದಳು.

ಮತಗಟ್ಟೆಯ ಮರೆಯಲ್ಲಿ ನಿಂತ ನನ್ನ ಮುಂದೆ ಮೇಜುಬಟ್ಟೆಯಷ್ಟಗಲದ ಎರಡು ಮತಪತ್ರಗಳು, ದಾರಕ್ಕೆ ಕಟ್ಟಿದ ಒಂದು ಕೆಂಪು ಪೆನ್ಸಿಲು. ಬೇಕಾದ ಹೆಸರಿನ ಮುಂದಿನ ಬಿಳಿ ಚುಕ್ಕೆಗೆ ಕೆಂಪು ತುಂಬಬೇಕು, ಅಷ್ಟೇ. ಸುಮನಳ ಹಾಳೆಯಲ್ಲಿ ನಾನು ಯಾರ ಹೆಸರಿಗೆ ಕೆಂಪು ತುಂಬಿದರೂ ಅವಳಿಗಾಗಲಿ, ಹೆಂಕ್‌ಗಾಗಲಿ, ಭೂಮಿಯ ಮೇಲೆ ಇನ್ಯಾರಿಗಾಗಲಿ ಎಂದೆಂದಿಗೂ ತಿಳಿಯುವಂತಿರಲಿಲ್ಲ. ಸುಳ್ಳು ಹೇಳಲಾರೆ, ಪೆನ್ಸಿಲು ಒಂದೆರಡು ಬಾರಿ ಪಕ್ಕದ ಹೆಸರಿನ ಮೇಲೆ ಸುಳಿದಾಡಿತು. ಬಾದಾಮಿ ಹಾಲು, ಸೈಕಲ್ ಚೈನು, ಸಭೆಯ ನಗು ಎಲ್ಲವೂ ಒಟ್ಟಿಗೆ ನೆನಪಾದವು. ಹೊರಗೆ ಅಧಿಕಾರಿಣಿ ಕೆಮ್ಮಿದಳು. ಹೆಂಕ್‌ನ ಹೆಸರು ಹುಡುಕಿ, ಅದರ ಮುಂದಿನ ಚುಕ್ಕೆಯನ್ನು ಅಂಚು ದಾಟದಂತೆ ತುಂಬಿದೆ. ಆಮೇಲೆ ನನ್ನ ಹಾಳೆ ಎಳೆದುಕೊಂಡು ಬೇರೆ ಯಾರಿಗೋ ಹಾಕಿದೆ. ಯಾಕೆ ಎಂದು ಕೇಳಿದರೆ ಹೇಳಲು ನನ್ನಲ್ಲಿ ಒಂದು ತತ್ತ್ವವೂ ಉಳಿದಿರಲಿಲ್ಲ.

ಹೆಂಕ್ ಗೆದ್ದ. ಶುಕ್ರವಾರ ಮನೆಗೆ ಬಂದ ಸುಮನ ತನ್ನ ಮತದ ವಿಚಾರ ಎತ್ತಲೇ ಇಲ್ಲ. ತಡೆಯಲಾರದೆ ನಾನೇ, "ನಿನ್ನದು ಹಾಕಿದೀನಿ, ಹೆಂಕ್‌ಗೇ," ಎಂದೆ.

"ಗೊತ್ತು," ಎಂದಳು ಚೀಲದಿಂದ ಬಟ್ಟೆ ತೆಗೆಯುತ್ತ. "ನಿಮ್ಮದು ಅವ್ರಿಗೆ ಹಾಕಿಲ್ಲ, ಅದೂ ಗೊತ್ತು."

ನಾನು ಗುಪ್ತ ಮತದಾನದ ಪಾವಿತ್ರ್ಯದ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ಹೆಂಕ್ ಹೆಂಡತಿ ಕೇಳಿದ್ರು, ಚೀಟಿ ನಂಗೆ ಕೊಡಿ, ನಾನು ಹಾಕ್ತೀನಿ ಅಂತ. ಬೇಡ, ನಮ್ಮನೆಯವ್ರಿಗೇ ಕೊಡ್ತೀನಿ ಅಂದೆ. ನೀವು ಹೊಟ್ಟೆಕಿಚ್ಚಿನವರು ರೀ. ಮೋಸದವರಲ್ಲ."

ಯಾರನ್ನು ನಂಬಿ ಮತ ಕೊಡಬೇಕೆಂದು ಮೂರು ತಿಂಗಳು ತಲೆ ಕೆಡಿಸಿಕೊಂಡವನು ನಾನು. ಅವಳು ಮಾತ್ರ ಅದನ್ನು ನನ್ನ ಮುಂದೆಯೇ, ನನ್ನ ವಿಷಯದಲ್ಲೇ, ಫಿಲ್ಟರಿನ ಪಕ್ಕದಲ್ಲಿ ಒಂದು ಚೀಟಿ ಇಟ್ಟು ತೀರ್ಮಾನಿಸಿ ರೈಲು ಹತ್ತಿದ್ದಳು. ನಾಚಿಕೆಯಾಯಿತು. ಹೆಂಕ್‌ಗೆ ನಾನು ಕೇಳಿದ ಗುಡುಗಿನ ಪ್ರಶ್ನೆಗಳಲ್ಲಿ ಒಂದೂ ನಂಬಿಕೆಯ ಮಾತಿಗೆ ಇಷ್ಟು ಹತ್ತಿರ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಫಿಲ್ಟರು ತೊಳೆದು ಬೋರಲು ಹಾಕಿತ್ತು. ಸುಮನ ನನ್ನ ಮುಂದೆ ಒಂದು ಲೋಟ ಇಟ್ಟಳು: ಕೇಸರಿ ಹಾಕಿದ ಬಾದಾಮಿ ಹಾಲು, ರಾತ್ರಿಯೇ ನನಗೆಂದು ನೆನೆಸಿಟ್ಟ ಬಾದಾಮಿಯದು. ಒಂದು ಗುಟುಕು ಕುಡಿದೆ. ಅಬ್ಬಾ, ಎಂಥ ಸಿಹಿ! ನಾಲಿಗೆ ಪೂರ್ತಿ ಕಾಫಿಗಾಗಿ ಹಂಬಲಿಸಿತು. ಆದರೂ ಲೋಟದ ತಳದ ಕೇಸರಿ ಎಳೆಯವರೆಗೂ ಕುಡಿದು ಮುಗಿಸಿ, ಇನ್ನೊಂದು ಲೋಟ ಸಿಗಬಹುದೇ ಎಂದು ಕೇಳಿದೆ.