ದುರ್ಗವ್ವ ಮುಚ್ಚಿಸಿದ ಬೆಳಕಿಂಡಿ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ಅಣ್ಣಿಗೇರಿ ಸೀಮೆಯಲ್ಲಿ ಬಿದ್ದಂಥ ಚಳಿಯನ್ನು ಸೂಲಗಿತ್ತಿ ದುರ್ಗವ್ವ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಹೂಬಿಟ್ಟ ಬಿಳಿಜೋಳ ಕಾಳು ಕಟ್ಟದೆ ನಿಂತಿತ್ತು. ಹೊತ್ತೇರಿದರೂ ಎಮ್ಮೆಗಳು ಹಾಲು ಇಳಿಸುತ್ತಿರಲಿಲ್ಲ.

ಚಳಿ ಯಾಕೆ ಬಂತೆಂಬ ಬಗ್ಗೆ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಕಾಲುವೆ ನೀರಿನಿಂದ ಎರೆಹೊಲಗಳು ಪುಷ್ಯದಲ್ಲೂ ಒದ್ದೆಯಾಗಿವೆ, ಅದಕ್ಕೇ ಎಂದರು ಕೆಲವರು. ಆಕಾಶಕ್ಕೆ ರಾಕೆಟ್ಟು ಬಿಟ್ಟು ಬಿಟ್ಟು ತೂತು ಮಾಡಿದ್ದಾರೆ ಎಂದರು ಇನ್ನು ಕೆಲವರು. ಕಲಘಟಗಿ ಕಡೆಯ ಕಾಡು ಕಡಿದದ್ದರಿಂದ ಗಾಳಿಗೆ ಅಡ್ಡವೇ ಇಲ್ಲ ಎನ್ನುವುದು ದರ್ಜಿ ಗುಲಾಮಹುಸೇನನ ವಾದ. ಊರಿನಲ್ಲಿ ಪೇಪರು ತರಿಸುತ್ತಿದ್ದವನು ಜಮೀನುದಾರ ಕುಬೇರಪ್ಪ ಒಬ್ಬನೇ. ಅವನು ಕಟ್ಟೆಯ ಮೇಲೆ ಕುಳಿತು ಅದನ್ನು ಓದಿ ಹೇಳುತ್ತಿದ್ದ.

"ಕಾರ್ಖಾನಿ ಹೊಗಿಯಿಂದ ಭೂಮಿ ಬಿಸಿ ಆಗಾಕತ್ತೈತಂತ."

"ಬಿಸಿ ಏನ್ರಿ? ಆ ಕಂಬಳಿ ತಗದಿಟ್ಟು ಇನ್ನೊಮ್ಮೆ ಓದ್ರಿ ಸಾವ್ಕಾರ್ರ," ಎಂದ ಗುಲಾಮಹುಸೇನ. ಕಟ್ಟೆಯೆಲ್ಲ ನಕ್ಕಿತು.

"ಹಲ್ಲು ಕಿಸೀಬ್ಯಾಡೋ. ಬಿಸಲೂ ಅಡ್ಡಾದಿಡ್ಡಿ, ಥಂಡಿನೂ ಅಡ್ಡಾದಿಡ್ಡಿ ಆಗತೈತಂತ. ಮೊದಲಿನಂಗ ಏನೂ ಇರಾಂಗಿಲ್ಲಂತ."

ಈ ಕೊನೆಯ ಮಾತನ್ನು ಮಾತ್ರ ಎಲ್ಲರೂ ಒಪ್ಪಿದರು. ಕಾರಣ ಏನೇ ಇರಲಿ, ಇದು ಹಳೆಯ ಚಳಿಯಲ್ಲ. ಕೊಡ ಹೊತ್ತು ಹೋಗುತ್ತಿದ್ದ ದುರ್ಗವ್ವ ಆ ಮಾತು ಕೇಳಿ ನಿಂತಳು. ಉಳಿದವರಿಗೆ ಅದು ಹೊತ್ತು ಕಳೆಯುವ ಹರಟೆಯಾಗಿತ್ತು, ಅವಳಿಗೆ ಆಗಿರಲಿಲ್ಲ.

ಆ ಊರಿನವು ಮಣ್ಣಿನ ಮಾಳಿಗೆಯ ಮನೆಗಳು. ಬಾಣಂತಿಯ ಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು ತಾಯಿ ಕೂಸನ್ನು ಬೆಚ್ಚಗಿಡುತ್ತಾರೆ. ದುರ್ಗವ್ವನಿಗೆ ಕಸುಬು ಕಲಿಸಿದವಳು ಅವಳ ಅತ್ತೆ ಮೈಲಾರವ್ವ. ಒಳಗೆ ಕೆಂಡ ಇರುವ ತನಕ ಬೆಳಕಿಂಡಿ ಒಂದು ಗೇಣಾದರೂ ತೆರೆದಿರಬೇಕೆಂದು ಅವಳು ಹೇಳಿಕೊಟ್ಟಿದ್ದಳು. ಯಾಕೆಂದು ಅವಳು ಹೇಳಲಿಲ್ಲ, ಸೊಸೆ ಕೇಳಲಿಲ್ಲ. ಕಾರಣ ತಿಳಿಯದ ಆ ನಿಯಮವನ್ನು ದುರ್ಗವ್ವ ವಯಸ್ಸಾಗುವ ತನಕ ಪಾಲಿಸಿಕೊಂಡು ಬಂದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು.

ಹಿಂದಿನ ವಾರ ತಿರಕಪ್ಪನ ಮೊಮ್ಮಗ, ಎಳೆಗೂಸು, ಚಳಿಗೆ ನೀಲಿಗಟ್ಟಿ ಸತ್ತಿತ್ತು. ಕೂಸನ್ನು ಮಣ್ಣು ಮಾಡಿ ಬಂದ ತಿರಕಪ್ಪ ಅವಳ ಬಾಗಿಲಿಗೆ ಬಂದು, "ನೀ ತಗಸಿದ ಕಿಂಡ್ಯಾಗಿಂದನ ಸಾವು ಇಳೀತು," ಎಂದಿದ್ದ. ಅಂದಿನಿಂದ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

ಇಷ್ಟರಲ್ಲಿ ಕುಬೇರಪ್ಪನ ಮಗಳು ಮಲ್ಲಕ್ಕ ತವರಿನಲ್ಲಿ ಚೊಚ್ಚಲ ಹೆಣ್ಣು ಹೆತ್ತಳು. ಹೆರಿಗೆ ಸಲೀಸಾಗಿತ್ತು. ಸಂಜೆ ಮಲ್ಲಕ್ಕನ ತಾಯಿ ಶಾರದವ್ವ ಮಾತು ತೆಗೆದಳು.

"ಕಿಂಡಿ ಮುಚ್ಚಸ್ತೀನಿ."

"ಕೆಂಡ ಐತ್ರಿ ಒಳಗ. ನಮ್ಮತ್ತಿ..."

"ನಿಮ್ಮತ್ತಿ ಇಂಥಾ ಥಂಡಿ ಕಂಡಿದ್ಲೇನ? ಆಕಿ ಕಾಲದ ಥಂಡಿ ಬ್ಯಾರೆ, ಇದು ಬ್ಯಾರೆ. ತಿರಕಪ್ಪನ ಮನಿ ನೋಡಿನೂ ಬುದ್ಧಿ ಬರಲಿಲ್ಲಲ್ಲ ನಿನಗ!"

ಚಳಿ ಹೊಸದೆಂದು ದುರ್ಗವ್ವನೂ ನಂಬಿದ್ದಳು. ಚಳಿ ಹೊಸದಾದ ಮೇಲೆ ಹಳೆಯ ನಿಯಮ ಯಾಕೆ? ಇನ್ನೊಂದು ಕೂಸು ಸತ್ತರೆ ಊರು ತನ್ನನ್ನು ಹೊಸ್ತಿಲು ತುಳಿಯಗೊಡುವುದಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು. "ಮುಚ್ಚಸ್ರಿ," ಎಂದಳು. ಆಳು ಮಾಳಿಗೆ ಹತ್ತಿ ಬೆಳಕಿಂಡಿಗೆ ಗೋಣಿತಟ್ಟು ಹಾಸಿ ಮೇಲೆ ಹಾಸುಗಲ್ಲು ಎಳೆದ. ದುರ್ಗವ್ವ ಮನೆಗೆ ಹೋದಳು.

ಬೆಳಗ್ಗೆ ಅವಳು ಕೂಸಿಗೆ ನೀರೆರೆಯಲು ಬಂದಾಗ ಶಾರದವ್ವ ಹಣೆಗೆ ಸುಣ್ಣ ಹಚ್ಚಿಕೊಂಡು ನೀರೊಲೆ ಹೊತ್ತಿಸುತ್ತಿದ್ದಳು. ರಾತ್ರಿ ಮಗಳ ಬಳಿ ಕೂತಿದ್ದಕ್ಕೋ ಏನೋ ತಲೆ ಸಿಡಿಯುತ್ತಿದೆ ಎಂದಳು. ಆದರೂ ಮುಖದಲ್ಲಿ ಗೆಲುವಿತ್ತು.

"ನೋಡು ಹೋಗು. ಕುಂಕುಮದಂಗ ಕೆಂಪಗ ಆಗಿ ಮಲಗ್ಯಾಳ. ಎಬ್ಬಸಬ್ಯಾಡ."

ಮಲ್ಲಕ್ಕನ ಕೆನ್ನೆ ನಿಜಕ್ಕೂ ಕೆಂಪಾಗಿತ್ತು. ನಡುಕದ ಸುಳಿವೇ ಇರಲಿಲ್ಲ. ಒಂದು ಕ್ಷಣ ದುರ್ಗವ್ವನಿಗೂ ಸಮಾಧಾನವಾಯಿತು. ಕೂಸನ್ನು ಎತ್ತಿಕೊಂಡಳು. ಕತ್ತು ಜೋತುಬಿತ್ತು, ಉಸಿರು ಸಣ್ಣಗೆ ಆಡುತ್ತಿತ್ತು. ಮಲ್ಲಕ್ಕನ ಕೆನ್ನೆ ತಟ್ಟಿದಳು, ತೋಳು ಚಿವುಟಿದಳು. ಅವಳು ಮಿಸುಕಲಿಲ್ಲ. ಅಷ್ಟರಲ್ಲಿ ದುರ್ಗವ್ವನಿಗೇ ತಲೆ ತಿರುಗಿತು. ಅತ್ತೆ ಹೇಳದೆ ಬಿಟ್ಟ ಕಾರಣ ಏನೆಂದು ಅವಳಿಗೆ ಆಗ ಹೊಳೆಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ವಿಷವಾಗಿ ನಿಂತಿತ್ತು.

ಕೂಸನ್ನು ಮಡಿಲಲ್ಲಿ ಕಟ್ಟಿಕೊಂಡು ಹೊರಸನ್ನು ಬಾಗಿಲಿನತ್ತ ಎಳೆಯತೊಡಗಿದಳು. ಸದ್ದಿಗೆ ಓಡಿಬಂದ ಶಾರದವ್ವ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

"ಎಲ್ಲಿಗೆ? ಹಸಿ ಬಾಣಂತಿನ್ನ ಈ ಥಂಡ್ಯಾಗ ಹೊರಗ ಹಾಕ್ತೀಯೇನ? ಒಂದು ಕೂಸು ಕೊಂದದ್ದು ಸಾಲಲಿಲ್ಲೇನು ರಂಡೆ?"

"ಕೈ ತಗೀರಿ. ನಿಮ್ಮ ಮಗಳು ನಿದ್ದಿ ಮಾಡಾಕತ್ತಿಲ್ಲ. ಸಾಯಾಕತ್ತಾಳ."

ಶಾರದವ್ವ ಕದಲಲಿಲ್ಲ. ಹಿಂದಿನಿಂದ ಕುಬೇರಪ್ಪ ಬಂದ. ಹೆಂಡತಿಯನ್ನೂ ಸೂಲಗಿತ್ತಿಯನ್ನೂ ನೋಡಿದ. ಮಗಳ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅದನ್ನು ಕಂಡವನು ಹೆಂಡತಿಯ ಕೈ ಸರಿಸಿ ಹೊರಸಿನ ಕಾಲು ಹಿಡಿದ.

ಅಂಗಳದಲ್ಲಿ ಮಂಜು ಕವಿದಿತ್ತು. ಕಂಬಳಿಗಳನ್ನೆಲ್ಲ ತಂದು ಹೊದಿಸಿದರು, ಮುಖವನ್ನು ಮಾತ್ರ ಗಾಳಿಗೆ ಬಿಟ್ಟರು. ಶಾರದವ್ವ ಎದೆ ಬಡಿದುಕೊಳ್ಳುತ್ತಿದ್ದಳು. ಅಕ್ಕಪಕ್ಕದವರು ಸೇರಿ ಸೂಲಗಿತ್ತಿಗೆ ಬೈಯತೊಡಗಿದರು. ದುರ್ಗವ್ವ ಯಾರ ಮುಖವನ್ನೂ ನೋಡದೆ ಕೂಸಿನ ಅಂಗಾಲನ್ನು ಬೆರಳಿನಿಂದ ತಟ್ಟುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೂಸು ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಟ್ಟಿತು, ಆಮೇಲೆ ಸಿಟ್ಟಿನಿಂದ ಚೀರಿತು. ಸ್ವಲ್ಪ ಹೊತ್ತಿಗೆ ಮಲ್ಲಕ್ಕ ವಾಂತಿ ಮಾಡಿಕೊಂಡು ಕಣ್ಣು ತೆರೆದಳು.

"ಯವ್ವಾ, ಥಂಡಿ... ಯಾವಾಕಿಬೇ ನನ್ನ ಅಂಗಳಕ್ಕ ಒಗದಾಕಿ?"

ಶಾರದವ್ವ ಅಲ್ಲೇ ಕುಸಿದು ಕುಳಿತಳು. ದುರ್ಗವ್ವ ಕೂಸನ್ನು ತಾಯಿಯ ಎದೆಗೆ ಹಚ್ಚಿ ಎದ್ದು ನಿಂತಳು.

"ಇನ್ಯಾರ್ಯಾರು ಕಿಂಡಿ ಮುಚ್ಚೀರಿ?"

ಸೇರಿದವರಲ್ಲಿ ನಿಂತಿದ್ದ ಗುಲಾಮಹುಸೇನ ಹೇಳಿದ, "ಲಕ್ಷ್ಮಪ್ಪನ ಮನ್ಯಾಗೂ ಬಾಣಂತಿ ಅದಾಳ. ನಿನ್ನಿ ರಾತ್ರಿ ಅವರೂ ಮುಚ್ಯಾರ. ಸಾವ್ಕಾರ್ರ ಮನ್ಯಾಗ ನೀನ ಮುಚ್ಚಿಸಿದಿ ಅಂತ ಕೇಳಿ."

"ಹೌದು, ನಾನ ಮುಚ್ಚಿಸಿದ್ದು. ತಪ್ಪು ನಂದು."

ತಿರಕಪ್ಪ ಗುಂಪಿನೊಳಗಿಂದ ಮುಂದೆ ಬಂದ. "ಹಂಗಾರ ನನ್ನ ಮೊಮ್ಮಗ? ಅದು ಯಾತರಿಂದ ಹೋತು?"

"ಥಂಡಿಲಿಂದನ ಇರಬೇಕು, ಎಪ್ಪಾ. ನನಗ ಗೊತ್ತಿಲ್ಲ."

"ಈ ಥಂಡಿ ಹೊಸಾದು ಹೌದೋ ಅಲ್ಲೋ, ಅದನ್ನರ ಹೇಳು," ಎಂದ ಹಿಂದಿನಿಂದ ಯಾರೋ.

"ಅದೂ ಗೊತ್ತಿಲ್ಲ. ಏಣಿ ಯಾರ ಮನ್ಯಾಗೈತಿ?"

ತಿರಕಪ್ಪ ನೆಲ ನೋಡುತ್ತ ನಿಂತಿದ್ದ. "ನಮ್ಮನ್ಯಾಗ," ಎಂದ. ದುರ್ಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಕ್ಷ್ಮಪ್ಪನ ಓಣಿಯತ್ತ ಓಡಿದಳು. ತಿರಕಪ್ಪ ಏಣಿ ತರಲು ತನ್ನ ಮನೆಯತ್ತ ಹೊರಟ.