ಒಂಬತ್ತು ಸಲ ‘ಕೊಂದರು’

ಮೂವತ್ತೊಂದು ವರ್ಷ ಬೇರೆಯವರ ಮಾತನ್ನು ಬೆರಳ ತುದಿಯಲ್ಲಿ ಹಿಡಿದ ಹೆಂಗಸು ಆಕೆ. ವ್ಯಾಪಾರದ ತಂಟೆತಕರಾರು ವಿಚಾರಿಸುವ ಸರಕಾರಿ ಕಚೇರಿಯಲ್ಲಿ, ಅಧ್ಯಕ್ಷರ ಪಕ್ಕದ ಸಣ್ಣ ಮೇಜಿಗೆ ಕೂತು, ಯಾರು ಏನಂದರೂ ಅಂದ ಹಾಗೇ ಟೈಪು ಮಾಡುವುದು ಕೆಲಸ. ಒಂದು ಕೊಂಬು, ಒಂದು ಸೊನ್ನೆ ಆಚೀಚೆ ಆದದ್ದಿಲ್ಲ. ಸಹೋದ್ಯೋಗಿಗಳು ‘ತಪ್ಪಿಲ್ಲದಮ್ಮ’ ಎಂದು ಹೆಸರಿಟ್ಟಿದ್ದರು. ತಮಾಷೆಗೆ ಇಟ್ಟದ್ದು, ಆಕೆ ಮಾತ್ರ ಬಿರುದೆಂದೇ ತಿಳಿದು ಒಳಗೊಳಗೇ ಬೀಗುತ್ತಿದ್ದಳು. ಬೀಗಲಿ ಬಿಡಿ, ಅಷ್ಟು ವರ್ಷ ಬೆನ್ನು ಬಗ್ಗಿಸಿದವಳಿಗೆ ಅಷ್ಟಾದರೂ ಬೇಡವೇ?

ಆ ವಾರ ವಿಚಾರಣೆಗೆ ಬಂದದ್ದು ಭಾರೀ ಕುಳ. ಶಾಲೆ, ಆಸ್ಪತ್ರೆ, ಅಂಗಡಿ, ಎಲ್ಲರ ಕಂಪ್ಯೂಟರಿನಲ್ಲೂ ತಾನೇ ಕಾಲು ಚಾಚಿ ಕೂತಿರುವ ಸಾಫ್ಟ್‌ವೇರ್ ಕಂಪನಿ. ತನಗೆ ಪೈಪೋಟಿ ಕೊಟ್ಟ ಏಳು ಸಣ್ಣ ಕಂಪನಿಗಳನ್ನು ಆಗಲೇ ಕೊಂಡಿತ್ತು. ಎಂಟನೆಯದಕ್ಕೆ ಅನುಮತಿ ಕೇಳಿತ್ತು. ಕೊಡಬೇಡಿ ಎಂದು ಸಾಕ್ಷಿ ಹೇಳಲು ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಯಾವ ಟೀಚರಿಗೆ ಯಾವ ಪೀರಿಯಡ್ಡು ಎಂದು ಜಗಳವಿಲ್ಲದೆ ಹಂಚಿಕೊಡುವ ಸಾಫ್ಟ್‌ವೇರನ್ನು ಅವರೂ ಅವರ ತಂಗಿಯೂ ಹದಿನಾಲ್ಕು ವರ್ಷ ಕೂತು ಕಟ್ಟಿದ್ದರು. ಆ ಏಳರಲ್ಲಿ ಅವರದೂ ಒಂದು. ಕಂಪನಿ ಅದನ್ನು ‘ಬೆಳೆಸುತ್ತೇವೆ’ ಎಂದು ತೆಗೆದುಕೊಂಡು, ಆರೇ ವಾರಕ್ಕೆ ನಿಲ್ಲಿಸಿಬಿಟ್ಟಿತ್ತು.

“ಮೊದಲು ಕೊಂಡರು,” ಎಂದರು ಮೇಷ್ಟ್ರು. “ಆಮೇಲೆ ಕೊಂದರು.” ಆಕೆ ತಲೆಯೆತ್ತದೆ ಟೈಪು ಮಾಡಿದಳು.

ಮರುದಿನ ಕಚೇರಿಯ ಮೇಲಧಿಕಾರಿ ಆಕೆಯನ್ನು ಕೋಣೆಗೆ ಕರೆದ. ವಯಸ್ಸಿನಲ್ಲಿ ಕಿರಿಯ, ಮಾತಿನಲ್ಲಿ ಬೆಣ್ಣೆ.

“ಅಮ್ಮಾ, ದಾಖಲೆಯಲ್ಲಿ ಹನ್ನೊಂದು ಕಡೆ ‘ಕೊಂದರು’ ಅಂತಿದೆ. ಎಲ್ಲಾ ಟೈಪಿಂಗ್ ತಪ್ಪು ಅಂತ ಕಂಪನಿ ವಕೀಲರು ದೂರು ಕೊಟ್ಟಿದಾರೆ. ‘ಕೊಂಡರು’ ಅಂತ ತಿದ್ದಿ ಒಂದು ಸಹಿ ಹಾಕಿಬಿಡಿ. ಸುಮ್ಮನೆ ಗಲಾಟೆ ಯಾಕೆ?”

ಆಕೆಯ ಕೀಲಿಮಣೆಯಲ್ಲಿ ‘ದ’ಕ್ಕೂ ‘ಡ’ಕ್ಕೂ ಒಂದೇ ಕೀಲಿ. ಬಲಗಡೆಯ ಶಿಫ್ಟನ್ನು ಕಿರುಬೆರಳಲ್ಲಿ ಒತ್ತಿ ಹಿಡಿದರೆ ‘ಡ’, ಬಿಟ್ಟರೆ ‘ದ’. ನಾನು ತಪ್ಪುವವಳೇ ಎಂದು ರೇಗುತ್ತಲೇ ಆಕೆ ಪುಟ ತಿರುವಿದಳು. ನಾಲ್ಕು ಪುಟ ಸರಿಯಾಗಿದ್ದವು. ಐದನೆಯದನ್ನು ಎರಡು ಸಲ ಓದಿದಳು. ಹಿಂದಿನ ದಿನ ಊಟವಾದ ಮೇಲೆ ಆ ಕಿರುಬೆರಳು ಮೇಜಿನ ಡ್ರಾಯರಿಗೆ ಸಿಕ್ಕಿ ಜಜ್ಜಿಹೋಗಿತ್ತು. ಬಟ್ಟೆ ಸುತ್ತಿಕೊಂಡೇ ಟೈಪು ಮಾಡಿ, ನೋವಿಗೆ ಒಮ್ಮೆಯೂ ಓದದೆ ಆ ಪುಟ ಕೊಟ್ಟುಬಿಟ್ಟಿದ್ದಳು. ಅದರಲ್ಲಿ ಎರಡು ಕಡೆ ಮೇಷ್ಟ್ರು ‘ಕೊಂಡರು’ ಎಂದದ್ದು ‘ಕೊಂದರು’ ಆಗಿತ್ತು. ಮೊದಲ ನಾಲ್ಕು ಪುಟಗಳಲ್ಲಿದ್ದ ಉಳಿದ ಒಂಬತ್ತು ಮೇಷ್ಟ್ರ ಬಾಯಿಂದಲೇ ಬಂದವು.

ಸಹಿ ಹಾಕಿದರೆ ಆ ಒಂಬತ್ತೂ ಅಳಿಸಿಹೋಗುತ್ತವೆ, ಮೇಷ್ಟ್ರು ಅಷ್ಟು ದೂರ ಬಂದು ಹೇಳಿದ್ದು ನೀರಿನಲ್ಲಿ ಹೋಮ. ಹಾಕದಿದ್ದರೆ ತನ್ನ ಎರಡು ತಪ್ಪನ್ನು ತುಂಬಿದ ಸಭೆಯಲ್ಲಿ ತಾನೇ ಬಿಚ್ಚಿಡಬೇಕು.

ಸಂಜೆ ಗಂಡನೆದುರು ಕೂತು ಗೋಳು ತೋಡಿಕೊಂಡಳು. ಗಡಿಯಾರ ರಿಪೇರಿಯವನು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಕೇಳಿದ.

“ಎರಡು ತಪ್ಪಿಗೆ ಯಾರೂ ನೇಣು ಹಾಕಲ್ಲ ಕಣೇ.”

“ನನಗೆ ತಲೆ ಎತ್ತಿ ಓಡಾಡೋಕಾಗಲ್ಲ ರೀ.”

“ಹಾಗಾದ್ರೆ ಸಹಿ ಹಾಕು.”

“ಸುಳ್ಳಿಗೆ ಸಹಿ ಹಾಕ್ಲಾ?”

“ಮತ್ತೆ ನನ್ನ ತಲೆ ಯಾಕೆ ತಿಂತೀಯಾ? ಉತ್ತರ ನಿನ್ನ ಹತ್ರಾನೇ ಇದೆಯಲ್ಲ.”

ಮರುದಿನ ವಿಚಾರಣೆಯಲ್ಲಿ ಕಂಪನಿ ವಕೀಲರು ಕೋಟು ಸರಿಮಾಡಿಕೊಂಡು ಎದ್ದರು. “ಸ್ವಾಮಿ, ಕೊಳ್ಳೋದು ವ್ಯಾಪಾರ, ಕೊಲ್ಲೋದು ಅಪರಾಧ. ಒಂದು ಬೆರಳಿನ ತಪ್ಪಿನಿಂದ ನನ್ನ ಕಕ್ಷಿದಾರರ ಮೇಲೆ ಕೊಲೆ ಹೊರಿಸಿದ ಹಾಗಾಗಿದೆ. ಸಾಕ್ಷಿಯನ್ನ ಕೇಳಿ ಪ್ರಯೋಜನ ಇಲ್ಲ, ಈಗ ಅವರು ತಮಗೆ ಬೇಕಾದ್ದೇ ಹೇಳ್ತಾರೆ.”

ಯಾರೂ ಕರೆಯದೆ ಆಕೆ ಎದ್ದು ನಿಂತಳು. ಸಿಟ್ಟು ನೆತ್ತಿಗೇರಿತ್ತು.

“ಐದನೇ ಪುಟದ ಎರಡು ‘ಕೊಂದರು’ ನನ್ನ ತಪ್ಪು ಸ್ವಾಮಿ. ಬೆರಳು ಜಜ್ಜಿತ್ತು, ಓದದೆ ಕೊಟ್ಟೆ. ಆ ಪುಟದಲ್ಲಿ ಒಂದು ‘ಡ’ನೂ ಉಳಿದಿಲ್ಲ. ‘ಕೂಡಲೇ ಮುಚ್ಚಿದರು’ ಅನ್ನೋದು ‘ಕೂದಲೇ ಮುಚ್ಚಿದರು’ ಆಗಿದೆ.”

ಸಭೆ ಗೊಳ್ಳೆಂದಿತು. ಮೇಲಧಿಕಾರಿಯೂ ನಕ್ಕ. ಆಕೆಯ ಕಿವಿ ಕಾದವು. ನಗು ನಿಲ್ಲುವ ತನಕ ಹಾಗೇ ನಿಂತಿದ್ದಳು.

“ಈಗ ಮೊದಲ ನಾಲ್ಕು ಪುಟ ನೋಡಿ. ನಲವತ್ತಾರು ‘ಡ’ ಇವೆ, ಎಲ್ಲಾ ನೆಟ್ಟಗಿವೆ. ನನ್ನ ಬೆರಳು ‘ಕೊಂಡರು’ ಬಂದಾಗ ಮಾತ್ರ ಆರಿಸಿಕೊಂಡು ಕೈಕೊಡುತ್ತಾ? ಆ ಒಂಬತ್ತೂ ಮೇಷ್ಟ್ರು ಹೇಳಿದ್ದು. ನಾನು ತಿದ್ದಲ್ಲ.”

ಅಧ್ಯಕ್ಷರು ಪುಟಗಳನ್ನು ನಿಧಾನವಾಗಿ ನೋಡಿದರು. “ಐದನೇ ಪುಟ ತಿದ್ದಿ. ಒಂಬತ್ತು ಹಾಗೇ ಇರಲಿ.”

ಮೇಲಧಿಕಾರಿ ಹತ್ತಿರ ಬಂದು ಹಲ್ಲು ಕಡಿದ. “ನಾಳೆಯಿಂದ ನೀವು ಹಳೇ ಕಡತಗಳ ಕೋಣೆಗೆ.”

“ನಾಳೆ ತಾನೆ?” ಎಂದು ಆಕೆ ಕುರ್ಚಿ ಎಳೆದುಕೊಂಡಳು.

ವಕೀಲರು ಇನ್ನೂ ನಿಂತೇ ಇದ್ದರು. “ಸಾಕ್ಷಿ ಹೇಳಿದ್ದೇ ಆದರೂ ಅದು ಸುಳ್ಳು ಸ್ವಾಮಿ. ನಾವು ಏನನ್ನೂ ಕೊಂದಿಲ್ಲ.”

“ಹಾಗಾದರೆ ಮೇಷ್ಟ್ರ ಸಾಫ್ಟ್‌ವೇರ್ ಈಗ ಎಲ್ಲಿದೆ?” ಎಂದರು ಅಧ್ಯಕ್ಷರು. “ನೀವು ಕೊಂಡ ಏಳರಲ್ಲಿ ಯಾವುದಿದೆ?”

ವಕೀಲರು ಕಾಗದಗಳತ್ತ ನೋಡುತ್ತ ಏನೋ ಗೊಣಗಿದರು.

“ಕೇಳಿಸಲಿಲ್ಲ ಸಾರ್,” ಎಂದಳು ಆಕೆ. “ದಾಖಲೆಗೆ ಬೇಕು, ಜೋರಾಗಿ ಹೇಳಿ.”

“ಒಂದೂ ಇಲ್ಲ!” ಎಂದು ಅವರು ಕಿರುಚಿದರು.

ಆಕೆ ಟೈಪು ಮಾಡಿದಳು. ಮೊದಲ ಸಲವೇ ಆಕೆಗೆ ಚೆನ್ನಾಗಿ ಕೇಳಿಸಿತ್ತು.