ನಮ್ಮ ವಂಶದಲ್ಲೇ ಇಲ್ಲದ ಕಾಯಿಲೆ

ಇವತ್ತಿನದು ಕೇಳಿ ಸ್ನೇಹಿತರೇ. ಅಣ್ಣ ಫೇಸ್‌ಬುಕ್‌ನಲ್ಲಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಅಣ್ಣನಿಗೆ ಶುಗರ್ ಇರುವುದು ರಿಪೋರ್ಟಿನಲ್ಲಿ ಬಂದಿತ್ತು. ಊರಿನವರ ಕಣ್ಣಿಗೆ ಬೀಳಬಾರದೆಂದು ನಂಜನಗೂಡು ಬಿಟ್ಟು ನರಸೀಪುರದ ಆಸ್ಪತ್ರೆಗೆ ಹೋದೆವು. ಯಾವ ಬಗೆಯ ಶುಗರ್ ಎಂದು ತಿಳಿಯಲು ಡಾಕ್ಟರು, "ನಿಮ್ಮ ವಂಶದಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಿದರು.

ಅಪ್ಪನ ಕಾಲು ತೆಗೆದದ್ದೇ ಶುಗರ್‌ನಿಂದ. ಆದರೆ ಹಿಂದಿನ ಬೆಂಚಿನಲ್ಲಿ ಹೆಮ್ಮಿಗೆಯ ಬೀಗರಾಗುವವರು ಕೂತಿದ್ದರು. ಅಣ್ಣನ ಮಗಳ ಮದುವೆ ಮಾತುಕತೆಯಲ್ಲಿ ಅವರಿಗೆ, ಆ ಕಾಲನ್ನು ಎತ್ತು ತುಳಿದಿತ್ತು ಎಂದು ಹೇಳಿದ್ದೇವೆ.

"ನಮ್ ವಂಸದಲ್ಲೇ ಇಲ್ಲ ಸಾ. ನಾನ್ ಬಂದಿರೋದು ಮಂಡಿನೋವ್ಗೆ," ಎಂದ ಅಣ್ಣ.

ಡಾಕ್ಟರು ರಿಪೋರ್ಟು ನೋಡಿದರು, ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

ಬೀಗರು ಎದ್ದು ಬಂದು, "ನಂದೂ ಮಂಡಿನೇ ಕಣ್ರೀ," ಎಂದರು. ಅವರ ಬೆರಳ ತುದಿಯಲ್ಲಿ ರಕ್ತ ಪರೀಕ್ಷೆಯ ಹತ್ತಿ ಇನ್ನೂ ಅಂಟಿಕೊಂಡಿತ್ತು.

ಹೊರಗೆ ಟೀ ಅಂಗಡಿಯಲ್ಲಿ ಅಣ್ಣ, "ಬೀಗ್ರಿಗೆ ಸಕ್ಕರೆ ಜಾಸ್ತಿ ಹಾಕಪ್ಪಾ," ಎಂದ. "ಅವ್ರಿಗೂ ಅಂಗೇ ಹಾಕು," ಎಂದರು ಬೀಗರು. ಇಬ್ಬರೂ ತಳದವರೆಗೆ ಕುಡಿದರು.

ಡಾಕ್ಟರಿಗೆ ನಿಜ ಹೇಳುವುದು ಧಾರೆ ಮುಗಿದ ಮೇಲೆ ಎಂದು ಅಣ್ಣ ತೀರ್ಮಾನಿಸಿದ್ದಾನೆ. ಅಲ್ಲಿಯವರೆಗೆ ಎರಡೂ ಮನೆಗೆ ಮಂಡಿನೋವು.